ಅಜ್ಜನ ಮಿಲಿಟರಿ ಕೋಟು ಸಿಕ್ಕಿದೆ, ಬೂಷ್ಟು ಹಿಡಿದಿದೆ. ತೊಳೆಯಬಹುದಾ? ಮ್ಯೂಸಿಯಂಗೆ ಕೊಡಬಹುದಾ?

ಬಿಳಿಹೂ_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ. ಹಳೇ ಮನೆ ರಿಪೇರಿಗೆ ಅಂತ ಅಟ್ಟ ಖಾಲಿ ಮಾಡಿಸಿದೆವು. ಅಲ್ಲಿ ಅಜ್ಜನ ಕಬ್ಬಿಣದ ಟ್ರಂಕು ಇತ್ತು. ಅಜ್ಜ ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯಲ್ಲಿದ್ದರು, ಬರ್ಮಾಕ್ಕೆ ಹೋಗಿದ್ದರು ಅಂತ ಮನೆಯಲ್ಲಿ ಹೇಳುತ್ತಿದ್ದರು, ಅದಕ್ಕಿಂತ ಜಾಸ್ತಿ ನಮಗೆ ಯಾರಿಗೂ ಗೊತ್ತಿಲ್ಲ.

ಟ್ರಂಕಿನಲ್ಲಿ ಇದ್ದದ್ದು ಇಷ್ಟು: ಖಾಕಿ ಬಣ್ಣದ ದಪ್ಪ ಉಣ್ಣೆ ಕೋಟು (ಸೊಂಟದವರೆಗೆ ಮಾತ್ರ ಬರುವಂಥದ್ದು), ಒಂದು ಖಾಕಿ ಚಡ್ಡಿ, ಕಾಲಿಗೆ ಸುತ್ತುವ ಉದ್ದ ಪಟ್ಟಿ ಒಂದು ಜೊತೆ, ಕ್ಯಾನ್ವಾಸ್ ಥರದ ದಪ್ಪ ಬೆಲ್ಟು, ಒಂದು ಚರ್ಮದ ಬೆಲ್ಟು, ಉಣ್ಣೆ ಹೊದಿಸಿದ ನೀರಿನ ಬಾಟಲಿ, ಆಮೇಲೆ ಎರಡು ತಲೆಯ ಹಕ್ಕಿ ಇರುವ ಹಿತ್ತಾಳೆ ಬಿಲ್ಲೆ. ಕೋಟಿನ ಎಡಗಡೆ ಎದೆ ಮೇಲೆ ಬಣ್ಣಬಣ್ಣದ ರಿಬ್ಬನ್ ತುಣುಕು ಹೊಲಿದಿದ್ದಾರೆ, ಅರ್ಧ ಕಿತ್ತುಹೋಗಿದೆ. ಕೋಟಿಗೆ ಬೂಷ್ಟು ಹಿಡಿದಿದೆ, ಅಲ್ಲಲ್ಲಿ ನುಸಿ ತಿಂದು ತೂತಾಗಿದೆ. ಚರ್ಮದ ಬೆಲ್ಟಿನ ಹಿತ್ತಾಳೆ ಕೊಕ್ಕೆ ಸುತ್ತ ಹಸಿರು ಮೇಣದ ಥರ ಏನೋ ಕಟ್ಟಿಕೊಂಡಿದೆ.

ಚಿಕ್ಕಪ್ಪ ಹೇಳೋದು ಏನಂದ್ರೆ, ಕೋಟನ್ನು ಡ್ರೈಕ್ಲೀನಿಂಗ್‌ಗೆ ಕೊಟ್ಟು, ಆ ಹರಕು ರಿಬ್ಬನ್ ಬಿಚ್ಚಿ ಹಾಕಿ, ಬಿಲ್ಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಗಾಜಿನ ಫ್ರೇಮ್ ಮಾಡಿಸಿ ಹಾಲ್‌ನಲ್ಲಿ ನೇತುಹಾಕೋಣ ಅಂತ. ನನ್ನ ತಮ್ಮ ಮ್ಯೂಸಿಯಂಗೆ ಕೊಡೋಣ ಅಂತಾನೆ. ನನಗೆ ಎರಡಕ್ಕೂ ಧೈರ್ಯ ಬರುತ್ತಿಲ್ಲ. ಮಳೆಗಾಲ ಬಂದರೆ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ನಿಮಗೆ ಗೊತ್ತಲ್ಲ. ಈಗ ಮೊದಲು ಏನು ಮಾಡಬೇಕು? ತಿಳಿದವರು ಹೇಳಿ.

---

ಕಡೂರು_ಎಕ್ಸ್‌ಪ್ರೆಸ್

ಡ್ರೈಕ್ಲೀನಿಂಗ್‌ಗೆ ಮಾತ್ರ ಕೊಡಬೇಡಿ. ರಿಬ್ಬನ್ ಬಿಚ್ಚಲೇಬೇಡಿ. ಬಾಕಿ ತಿಳಿದವರು ಬರಲಿ.

---

ನೂಲು_ನೇಯ್ಗೆ

ನಾನು ಬೆಂಗಳೂರಲ್ಲಿ ಹಳೇ ಬಟ್ಟೆಗಳ ಸಂರಕ್ಷಣೆ ಕೆಲಸ ಮಾಡುತ್ತೇನೆ, ಊರು ಅರಸೀಕೆರೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ ಮೇಡಂ.

ಮೊದಲು ಒಂದು ಮಾತು. ಒಂದು ಹಳೇ ಸಮವಸ್ತ್ರ ಯಾರದ್ದು, ಯಾವ ಕಾಲದ್ದು, ಎಲ್ಲೆಲ್ಲಿ ಓಡಾಡಿ ಬಂತು ಅನ್ನೋದನ್ನು ಹೇಳುವುದು ಅದರ ಕೊಳೆ, ಅದರ ಹೊಲಿಗೆ, ಹಾಕಿದ ತೇಪೆ, ಒಳಗಡೆ ಒತ್ತಿದ ಮಸಿ ಮುದ್ರೆ, ಕಿತ್ತುಹೋದ ಗುಂಡಿಯ ದಾರ ಇವೇ. ನಿಮ್ಮ ಚಿಕ್ಕಪ್ಪನವರು ಪ್ರೀತಿಯಿಂದಲೇ ಹೇಳಿರುತ್ತಾರೆ, ಆದರೆ ಅವರು ಹೇಳಿದ ಹಾಗೆ ಮಾಡಿದರೆ ಉಳಿಯೋದು ಒಂದು ಖಾಕಿ ಕೋಟು ಅಷ್ಟೇ, ನಿಮ್ಮ ಅಜ್ಜನ ಕೋಟು ಅಲ್ಲ. ನೀರು ತಾಗಿದರೆ ರಿಬ್ಬನ್ನಿನ ಕೆಂಪು ಬಣ್ಣ ಪಕ್ಕದ ಬಟ್ಟೆಗೆ ಇಳಿಯುತ್ತದೆ. ಡ್ರೈಕ್ಲೀನಿಂಗ್ ಯಂತ್ರದಲ್ಲಿ ನುಸಿ ತಿಂದ ಉಣ್ಣೆ ಉರುಳಾಡಿದರೆ ಸಣ್ಣ ತೂತು ದೊಡ್ಡ ಹರಕಾಗುತ್ತದೆ, ಮುದ್ರೆಯ ಮಸಿಯೂ ಹೋಗಬಹುದು. ಇಸ್ತ್ರಿಯೂ ಬೇಡ.

ಈಗ ಬೂಷ್ಟು. ಒದ್ದೆ ಬೂಷ್ಟನ್ನು ಒರೆಸಲು ಹೋದರೆ ಅದು ನೂಲಿನ ಒಳಗೆ ಹೋಗಿ ಕೂರುತ್ತದೆ. ಆದ್ದರಿಂದ ಮೊದಲು ಒಣಗಬೇಕು. ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ, ಹೋದ ಬಣ್ಣ ವಾಪಸ್ ಬರುವುದಿಲ್ಲ. ಗಾಳಿಯಾಡುವ ಒಣ ಕೋಣೆಯಲ್ಲಿ ಮಂಚದ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಕೋಟು ಮಲಗಿಸಿ, ಫ್ಯಾನ್ ನೇರವಾಗಿ ಬೀಸದ ಹಾಗೆ ಬಿಡಿ. ಒಣಗಿದ ಮೇಲೆ ಬೂಷ್ಟು ಪುಡಿಯಾಗುತ್ತದೆ. ಆಗ ಹೊರಗೆ ನೆರಳಿಗೆ ತಂದು, ಮೃದುವಾದ ಬ್ರಷ್ಷಿನಿಂದ (ಪೇಂಟಿಂಗ್ ಮಾಡುವ ಅಗಲ ಬ್ರಷ್ ಸಾಕು) ಒಂದೇ ದಿಕ್ಕಿಗೆ ಮೆಲ್ಲಗೆ ಗುಡಿಸಿ. ಎನ್95 ಮಾಸ್ಕ್ ಹಾಕಿಕೊಳ್ಳಿ, ಈ ಪುಡಿ ಉಸಿರಿಗೆ ಒಳ್ಳೆಯದಲ್ಲ. ಮನೆಯಲ್ಲಿ ಅಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು.

ನುಸಿ ಬೇರೆ ವಿಷಯ. ಉಣ್ಣೆ ತಿನ್ನುವುದು ಹಾರಾಡುವ ಚಿಟ್ಟೆಯಲ್ಲ, ಅದರ ಮರಿಹುಳು. ಕಾಲರಿನ ಒಳಭಾಗ, ಕಂಕುಳು, ಜೇಬಿನ ಮೂಲೆ, ಎಲ್ಲಿ ಬೆವರು ಮತ್ತು ಎಣ್ಣೆ ಅಂಟಿರುತ್ತದೋ ಅಲ್ಲೇ ಜಾಸ್ತಿ ತಿನ್ನುತ್ತದೆ, ನಿಮ್ಮ ಕೋಟಿನ ತೂತುಗಳೂ ಅಲ್ಲೇ ಇರಬೇಕು, ನೋಡಿ. ಹುಳು ಇನ್ನೂ ಜೀವಂತ ಇದೆಯಾ ಅಂತ ಖಚಿತ ಇಲ್ಲದಿದ್ದರೆ ಕೋಟನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಮುಚ್ಚಿ ಟೇಪ್ ಹಾಕಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ನಿಮ್ಮ ಕಡೆ ಕರೆಂಟು ಹೋಗಿ ಬಂದು ಮಾಡುತ್ತದೆ, ಅರ್ಧದಲ್ಲಿ ಬಹಳ ಹೊತ್ತು ಹೋದರೆ ಲೆಕ್ಕ ಮತ್ತೆ ಮೊದಲಿನಿಂದ. ಜನರೇಟರ್ ಇರುವ ಅಂಗಡಿಯಲ್ಲಿ ಕೇಳಿ ನೋಡಿ. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚಬೇಡಿ, ಒಂದು ದಿನ ಹಾಗೇ ಬಿಡಿ. ತಣ್ಣಗಿನ ಬಟ್ಟೆಗೆ ಹೊರಗಿನ ಗಾಳಿ ತಾಗಿದರೆ ನೀರು ಕೂರುತ್ತದೆ. ಚರ್ಮದ ಬೆಲ್ಟನ್ನು ಮತ್ತು ಬಾಟಲಿಯನ್ನು ಫ್ರೀಜರ್‌ಗೆ ಹಾಕಬೇಡಿ.

ಡಾಂಬರು ಗುಳಿಗೆ ಹಾಕಿ ಮುಚ್ಚಿಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಅದರ ಹೊಗೆ ಮನುಷ್ಯರಿಗೆ ಕೆಟ್ಟದ್ದು, ಕೆಲವು ಪ್ಲಾಸ್ಟಿಕ್ ಗುಂಡಿಗಳನ್ನೂ ಮೆತ್ತಗೆ ಮಾಡುತ್ತದೆ. ಬೇವಿನ ಸೊಪ್ಪು, ಕಾಳುಮೆಣಸು ಇವುಗಳನ್ನು ನಂಬಿ ಕೂರೋದೂ ಬೇಡ.

ಚರ್ಮದ ಬೆಲ್ಟಿನ ಹಸಿರು ಮೇಣ ಅಂದ್ರೆ ಕಿಲುಬು. ಚರ್ಮದಲ್ಲಿರುವ ಎಣ್ಣೆ ಕೊಬ್ಬು ಹಿತ್ತಾಳೆಯಲ್ಲಿರುವ ತಾಮ್ರದ ಜೊತೆ ಸೇರಿ ಹಾಗಾಗುತ್ತದೆ. ಆದ್ದರಿಂದ ಚರ್ಮ ಮೆತ್ತಗಾಗಲಿ ಅಂತ ಕೊಬ್ಬರಿ ಎಣ್ಣೆ ಸವರಿದರೆ ಕಿಲುಬಿಗೆ ಊಟ ಹಾಕಿದ ಹಾಗೆ. ಕೈಗವಸು ಹಾಕಿಕೊಂಡು, ಬಿದಿರಿನ ಕಡ್ಡಿ ತುದಿಗೆ ಹತ್ತಿ ಸುತ್ತಿ, ಒಣದಾಗಿಯೇ ಮೆಲ್ಲಗೆ ತೆಗೆಯಿರಿ. ಬಂದಷ್ಟು ಸಾಕು. ಆಮೇಲೆ ಹಿತ್ತಾಳೆ ಮತ್ತು ಚರ್ಮದ ಮಧ್ಯೆ ಪಾಲಿಯೆಸ್ಟರ್ ಹಾಳೆಯ ತುಂಡು ಇಡಿ. ಬಿಲ್ಲೆಗೆ ಹುಣಸೆಹುಳಿ, ಬ್ರಾಸೋ ಎರಡೂ ಬೇಡ. ಪ್ರತಿ ಸಲ ತಿಕ್ಕಿದಾಗಲೂ ಹಕ್ಕಿಯ ಗರಿ ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಎಲ್ಲಕ್ಕಿಂತ ಮೊದಲು ಫೋಟೋ ತೆಗೆಯಿರಿ. ಹೊರಗೆ, ಒಳಗೆ, ಪ್ರತಿ ಮುದ್ರೆ, ಪ್ರತಿ ಗುಂಡಿ, ಜೇಬಿನ ಒಳಗೂ. ಜೇಬಲ್ಲಿ ಏನಾದರೂ ಇದ್ದರೆ ಯಾವ ಜೇಬಲ್ಲಿ ಇತ್ತು ಅಂತ ಬರೆದಿಡಿ.

---

ಹಳೇಬಿಲ್ಲೆ_ಹಾಸನ

ಮೇಲಿನವರು ಹೇಳಿದ್ದಕ್ಕೆ ನನ್ನ ಸಹಿ. ನಾನು ಹಳೇ ಬಿಲ್ಲೆ, ಗುಂಡಿ, ಪದಕಗಳ ಬಗ್ಗೆ ಓದಿಕೊಂಡವನು, ಬಿಲ್ಲೆ ವಿಷಯ ನಾನು ಹೇಳುತ್ತೇನೆ.

ಎರಡು ತಲೆಯ ಹಕ್ಕಿ ಅಂದ್ರೆ ಗಂಡಭೇರುಂಡ, ಮೈಸೂರು ಸಂಸ್ಥಾನದ ಲಾಂಛನ. ಅಂದಮೇಲೆ ನಿಮ್ಮ ಅಜ್ಜ ಬ್ರಿಟಿಷ್ ಇಂಡಿಯನ್ ಆರ್ಮಿಯ ಯಾವುದೋ ರೆಜಿಮೆಂಟಿನವರಲ್ಲ, ಮಹಾರಾಜರ ಸ್ವಂತ ಸೈನ್ಯದವರು. ಅದರಲ್ಲಿ ಮುಖ್ಯವಾಗಿ ಎರಡು ಇದ್ದವು, ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್, ಕಾಲಾಳು ಪಡೆ ಮೈಸೂರು ಇನ್‌ಫೆಂಟ್ರಿ.

ಲ್ಯಾನ್ಸರ್ಸ್ ಹೆಸರು ಕೇಳಿರುತ್ತೀರಿ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ತುರ್ಕರ ಕೈಯಿಂದ ಬಿಡಿಸಿದವರಲ್ಲಿ ಅವರೂ ಇದ್ದರು. ಜೋಧಪುರದವರು ಬಯಲಲ್ಲಿ ಕುದುರೆ ನುಗ್ಗಿಸಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಮೇಲಿದ್ದ ಫಿರಂಗಿಗಳನ್ನು ಹಿಡಿದರು. ದೆಹಲಿಯ ತೀನ್ ಮೂರ್ತಿಯ ಮೂರು ಸೈನಿಕರು ಹೈದರಾಬಾದ್, ಮೈಸೂರು, ಜೋಧಪುರದ ಪಡೆಗಳ ಗುರುತು, 1922ರಲ್ಲಿ ನಿಲ್ಲಿಸಿದ್ದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕ ಇದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಯಾವುದೂ ಗೊತ್ತಿಲ್ಲ, ಅದು ನನಗೆ ತುಂಬಾ ಬೇಜಾರಿನ ವಿಷಯ.

ಆದರೆ ನಿಮ್ಮ ಅಜ್ಜನದ್ದು ಎರಡನೇ ಮಹಾಯುದ್ಧ. ಹಾಗಿದ್ದರೆ ಬರ್ಮಾ ಅನ್ನೋದರ ಬಗ್ಗೆ ನನಗೆ ಅನುಮಾನ. ಯಾಕೆಂದರೆ ಒಂದನೇ ಮೈಸೂರು ಇನ್‌ಫೆಂಟ್ರಿಯನ್ನು ಕಳಿಸಿದ್ದು ಮಲಯಾ, ಸಿಂಗಾಪುರದ ಕಡೆಗೆ. 1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನಿನವರಿಗೆ ಶರಣಾದಾಗ ಆ ಪಟಾಲಮ್ಮಿನವರೂ ಸೆರೆಯಾದರು. ಆ ಕಾಲಕ್ಕೆ ಹಳ್ಳಿಯಲ್ಲಿ ಪೂರ್ವದ ಕಡೆಗೆ ಯಾರು ಹಡಗು ಹತ್ತಿದರೂ ಬರ್ಮಾಕ್ಕೆ ಹೋದ ಅಂತಲೇ ಹೇಳಿರುವ ಸಾಧ್ಯತೆ ಜಾಸ್ತಿ.

ದಯವಿಟ್ಟು ಮೂರು ವಿಷಯ ನೋಡಿ ಹೇಳಿ. ರಿಬ್ಬನ್ನಿನ ಬಣ್ಣಗಳು ಯಾವುವು, ಎಡದಿಂದ ಬಲಕ್ಕೆ ಹೇಳಿ. ಕ್ಯಾನ್ವಾಸ್ ಬೆಲ್ಟಿನ ಒಳಮೈಯಲ್ಲಿ ಮಸಿ ಮುದ್ರೆ ಇರುತ್ತದೆ, ತಯಾರಿಸಿದವರ ಗುರುತು ಮತ್ತು ಇಸವಿ, ಅದೇನಿದೆ ನೋಡಿ. ಹೆಗಲ ಪಟ್ಟಿಗೆ ಹಾಕುವ ಹಿತ್ತಾಳೆ ಅಕ್ಷರ ಏನಾದರೂ ಇದೆಯಾ ಹುಡುಕಿ.

ಇನ್ನೊಂದು ಮಾತು. ಗಂಡಭೇರುಂಡದ ಬಿಲ್ಲೆಯ ಫೋಟೋ ಎಲ್ಲ ಕಡೆ ಹಾಕಿದರೆ ಕೊಳ್ಳುವವರು ಫೋನ್ ಮಾಡಲು ಶುರು ಮಾಡುತ್ತಾರೆ. ಮಾರಬೇಡಿ. ಈಗಿನ ಅಚ್ಚಿನ ನಕಲಿಗಳು ಬೇಕಾದಷ್ಟು ಸಿಗುತ್ತವೆ, ಅಸಲಿ, ಅದೂ ಹಾಕಿಕೊಂಡವರ ಮನೆಯಲ್ಲೇ ಇರುವ ಅಸಲಿ, ಸಿಗುವುದು ಕಡಿಮೆ. ಅಂಗಡಿಗೆ ಹೋದ ಮೇಲೆ ಅದು ಯಾರದ್ದು ಅನ್ನೋದು ಅಳಿಸಿಹೋಗುತ್ತದೆ.

---

ಬಿಳಿಹೂ_ಮೂಡಿಗೆರೆ

ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ತುಂಬಾ ಥ್ಯಾಂಕ್ಸ್ ಇಬ್ಬರಿಗೂ.

ಫೋಟೋ ಎಲ್ಲ ತೆಗೆದೆ. ಬಣ್ಣ ಹೀಗಿದೆ. ಮೊದಲನೇ ತುಣುಕು ಮೂರು ಸಮ ಪಟ್ಟಿ, ಗಾಢ ನೀಲಿ, ಕೆಂಪು, ತಿಳಿ ನೀಲಿ. ಎರಡನೇದು ಅರ್ಧ ಹರಿದಿದೆ, ಅಂಚು ಕೆಂಪು, ಒಳಗೆ ಹಸಿರು, ನಡುವೆ ಹಳದಿ ಗೆರೆ, ಹಸಿರಿನ ಒಳಗೆ ತುಂಬಾ ಸಣ್ಣ ನೀಲಿ ಗೆರೆಯೂ ಇದ್ದ ಹಾಗಿದೆ, ಮಾಸಿದೆ. ಅದರ ಪಕ್ಕ ಇನ್ನೂ ಒಂದು ಇದ್ದಿರಬೇಕು, ದಾರದ ಗುರುತು ಮಾತ್ರ ಇದೆ, ಆ ಜಾಗದಲ್ಲಿ ಉಣ್ಣೆಯ ಬಣ್ಣ ಸುತ್ತಲಿಗಿಂತ ಗಾಢವಾಗಿದೆ.

ಬೆಲ್ಟಿನ ಒಳಗೆ ಇಸವಿ ಓದಲು ಬರುತ್ತದೆ, 1944. ಹಿಂದಿನ ಅಕ್ಷರ ಗೊತ್ತಾಗುತ್ತಿಲ್ಲ.

ಕೋಟಿನ ಬಲ ಜೇಬಲ್ಲಿ ಹಿತ್ತಾಳೆಯ ಬಾಗಿದ ಅಕ್ಷರದ ಪಟ್ಟಿ ಇತ್ತು. ಇಂಗ್ಲಿಷಿನಲ್ಲಿ ಮೈಸೂರ್ ಅಂತ ಸ್ಪಷ್ಟ ಇದೆ. ಕೆಳಗಿನ ಸಾಲು ಕಿಲುಬಿನಲ್ಲಿ ಮುಚ್ಚಿದೆ, ಮೊದಲ ನಾಲ್ಕು ಅಕ್ಷರ ನೋಡಿದರೆ ಇನ್‌ಫೆಂಟ್ರಿ ಅಂತಲೇ ಅನಿಸುತ್ತದೆ. ತಿಕ್ಕಿಲ್ಲ, ಹಾಗೇ ಇಟ್ಟಿದ್ದೇನೆ.

ಬೆಲ್ಟಿನಲ್ಲಿ 1944 ಇದೆ, ಅಜ್ಜ 1942ರಲ್ಲೇ ಸೆರೆ ಸಿಕ್ಕಿದ್ದರೆ ಇದು ಹೇಗೆ ಬಂತು? ಇಲ್ಲೇ ಗೊಂದಲ ಆಗಿದೆ.

---

ಹಳೇಬಿಲ್ಲೆ_ಹಾಸನ

ಮೇಡಂ, ನಿಮ್ಮ ಚಿಕ್ಕಪ್ಪ ಬಿಚ್ಚಿ ಹಾಕಿ ಅಂದ ಆ ಹರಕು ತುಣುಕೇ ಉತ್ತರ.

ಮೂರು ಸಮ ಪಟ್ಟಿಯದ್ದು 1939-45 ಸ್ಟಾರ್ ಪದಕದ ರಿಬ್ಬನ್. ಗಾಢ ನೀಲಿ ನೌಕಾಪಡೆ, ಕೆಂಪು ಭೂಸೇನೆ, ತಿಳಿ ನೀಲಿ ವಾಯುಪಡೆ. ಎರಡನೆಯದು, ಕೆಂಪು ಅಂಚು, ಹಸಿರು, ನಡುವೆ ಹಳದಿ, ಪಕ್ಕದಲ್ಲಿ ಸಣ್ಣ ನೀಲಿ ಗೆರೆಗಳು, ಅದು ಪೆಸಿಫಿಕ್ ಸ್ಟಾರ್. ಬರ್ಮಾ ಸ್ಟಾರ್ ಆಗಿದ್ದರೆ ನಡುವೆ ಅಗಲ ಕೆಂಪು, ಎರಡೂ ಕಡೆ ಗಾಢ ನೀಲಿ, ಅದರ ಮಧ್ಯೆ ಕಿತ್ತಳೆ ಗೆರೆ ಇರಬೇಕಿತ್ತು. ನೀವು ಹೇಳಿದ ಹಸಿರು ಅದರಲ್ಲಿ ಇಲ್ಲವೇ ಇಲ್ಲ. ಪೆಸಿಫಿಕ್ ಸ್ಟಾರ್ ಅನ್ನು ಮಲಯಾದಲ್ಲಿ 1941ರ ಡಿಸೆಂಬರ್ 8ರಿಂದ 1942ರ ಫೆಬ್ರವರಿ 15ರವರೆಗೆ ಇದ್ದ ಸೈನಿಕರಿಗೂ ಕೊಟ್ಟಿದ್ದಾರೆ. ಸಿಂಗಾಪುರ ಬಿದ್ದ ದಿನದವರೆಗೆ. ಹೆಗಲ ಪಟ್ಟಿಯಲ್ಲಿ ಮೈಸೂರು ಇನ್‌ಫೆಂಟ್ರಿ, ಎದೆಯ ಮೇಲೆ ಪೆಸಿಫಿಕ್ ಸ್ಟಾರ್. ನನ್ನ ಮಟ್ಟಿಗೆ ಇದು ಸಿಂಗಾಪುರಕ್ಕೆ ಹೋದವರ ಕೋಟು.

ಇನ್ನು 1944ರ ಬೆಲ್ಟು. ಅದೂ ಸರಿಯಾಗೇ ಇದೆ. ಸೆರೆಯಲ್ಲಿದ್ದವರ ಮೈಮೇಲೆ ವಾಪಸ್ ಬರುವಾಗ ಹಳೇ ಬಟ್ಟೆ ಏನೂ ಉಳಿದಿರಲಿಲ್ಲ. ಯುದ್ಧ ಮುಗಿದದ್ದು 1945ರಲ್ಲಿ, ಪದಕಗಳೂ ಆ ವರ್ಷದಿಂದ ಈಚೆಗೆ ಬಂದವು, ಆದ್ದರಿಂದ ರಿಬ್ಬನ್ ಹೊಲಿದ ಕೋಟು ಯುದ್ಧ ಮುಗಿದ ನಂತರ ಹಾಕಿಕೊಂಡದ್ದೇ ಆಗಿರಬೇಕು. ಬಿಡುಗಡೆಯಾಗಿ ಬಂದು ಮತ್ತೆ ಮೈಸೂರು ಪಡೆಯಲ್ಲಿ ನೌಕರಿ ಮುಂದುವರಿಸಿದಾಗ ಕೊಟ್ಟ ಸಾಮಾನು ಅದು. ಯೋಚನೆ ಮಾಡಿ, ಸಿಂಗಾಪುರದ ಸೆಕೆಗೆ ಉಣ್ಣೆ ಕೋಟು ಯಾಕೆ ಬೇಕು? ಅಲ್ಲಿ ತೆಳು ಖಾಕಿ ಅಂಗಿ, ಚಡ್ಡಿ ಅಷ್ಟೇ.

ಮನೆಯಲ್ಲಿ ಆ ಕಾಲದವರು ಯಾರಾದರೂ ಇದ್ದಾರಾ? ಇದ್ದರೆ ಇವತ್ತೇ ಕೇಳಿ. ಬರ್ಮಾ ಅಂತ ಕೇಳಬೇಡಿ, ಸುಮ್ನೆ "ಅಜ್ಜ ಎಷ್ಟು ವರ್ಷ ಮನೆಗೆ ಬರಲಿಲ್ಲ, ಕಾಗದ ಬರುತ್ತಿತ್ತಾ" ಅಂತ ಕೇಳಿ.

---

ಸುಬೇದಾರ್_ನಿವೃತ್ತ_ಹಾಸನ

ನಾನು ಮದ್ರಾಸ್ ಸ್ಯಾಪರ್ಸ್‌ನಲ್ಲಿ (ಸೈನ್ಯದ ಎಂಜಿನಿಯರ್ ಪಡೆ) ಇದ್ದವನು ಕಣಮ್ಮ. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನಿಮ್ಮ ಅಜ್ಜನ ಪಟಾಲಮ್ಮು ಮಾಯವಾಗಿಲ್ಲ. ಸಂಸ್ಥಾನಗಳು ಸೇರಿದ ಮೇಲೆ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿಗೆ ಬಂತು. ಈಗಲೂ 18 ಮದ್ರಾಸ್ ಅಂದ್ರೆ ಮೈಸೂರು ಬೆಟಾಲಿಯನ್ನೇ. ಲ್ಯಾನ್ಸರ್ಸ್ ಕಡೆಯವರು 1953ರಲ್ಲಿ ಕಟ್ಟಿದ 61ನೇ ಕ್ಯಾವಲ್ರಿಗೆ ಸೇರಿದರು, ಜೈಪುರದಲ್ಲಿ ಇವತ್ತಿಗೂ ಕುದುರೆ ಮೇಲೆ ಇರುವ ಪಡೆ ಅದು. ಮದ್ರಾಸ್ ರೆಜಿಮೆಂಟಿನ ಕೇಂದ್ರ ಊಟಿ ಹತ್ತಿರದ ವೆಲಿಂಗ್ಟನ್‌ನಲ್ಲಿದೆ. ಅಲ್ಲಿಗೆ ಒಂದು ಪತ್ರ ಬರೆಯಿರಿ, ಅಜ್ಜನ ಪೂರ್ತಿ ಹೆಸರು, ತಂದೆ ಹೆಸರು, ಊರು, ತಾಲ್ಲೂಕು, ಗೊತ್ತಿದ್ದರೆ ನಂಬರು. ನಂಬರು ಬಹಳ ಮುಖ್ಯ. ನಮ್ಮಲ್ಲಿ ಹೆಸರು ಹತ್ತು ಜನಕ್ಕೆ ಒಂದೇ ಇರುತ್ತದೆ, ನಂಬರು ಒಬ್ಬನಿಗೇ.

ನಂಬರು ಎಲ್ಲಿ ಸಿಗುತ್ತದೆ ಹೇಳುತ್ತೇನೆ. ಪದಕ ಸಿಕ್ಕಿದರೆ ಅಂಚು ಮತ್ತು ಹಿಂಭಾಗ ನೋಡಿ, ಭಾರತೀಯ ಸೈನಿಕರಿಗೆ ಕೊಟ್ಟ ಎಷ್ಟೋ ಪದಕಗಳಲ್ಲಿ ನಂಬರು, ಹುದ್ದೆ, ಹೆಸರು, ಪಡೆ ಕೆತ್ತಿರುತ್ತಾರೆ. ಪದಕ ಇಲ್ಲದಿದ್ದರೆ ಬೆಲ್ಟು, ಬಾಟಲಿಯ ಪಟ್ಟಿ, ಕೋಟಿನ ಕಾಲರಿನ ಒಳಗೆ ನೋಡಿ. ಸಿಪಾಯಿ ತನ್ನ ಸಾಮಾನು ಕಳೆದುಹೋಗದಿರಲಿ ಅಂತ ನಂಬರು ಬರೆದೇ ಬರೆಯುತ್ತಾನೆ, ನಾವೂ ಬರೆಯುತ್ತಿದ್ದೆವು. ಟ್ರಂಕಿನ ಮುಚ್ಚಳದ ಮೇಲೂ ನೋಡಿ, ಬಣ್ಣದ ಕೆಳಗೆ ಇರಬಹುದು. ಟ್ರಂಕನ್ನು ಗುಜರಿಗೆ ಹಾಕಿಬಿಡಬೇಡಿ ಅಂತ ಅದಕ್ಕೇ ಹೇಳುವುದು.

ಪಿಂಚಣಿ ಕಾಗದ, ಡಿಸ್ಚಾರ್ಜ್ ಪುಸ್ತಕ ಮನೆಯಲ್ಲಿ ಇರಬಹುದು, ದೇವರ ಕೋಣೆ ಪೆಟ್ಟಿಗೆ, ಪಹಣಿ ಕಾಗದಗಳ ಗಂಟು ಎಲ್ಲ ನೋಡಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲೂ ವಿಚಾರಿಸಿ. ಸಂಸ್ಥಾನದ ಕಾಲದ ಸರ್ಕಾರಿ ಕಡತಗಳಿಗೆ ರಾಜ್ಯ ಪತ್ರಾಗಾರ ಇದೆ.

ಒಂದು ಎಚ್ಚರಿಕೆ. ಟ್ರಂಕಿನಲ್ಲಿ ಗುಂಡು, ಪಟಾಕಿ ಥರದ್ದು, ಬಯೊನೆಟ್ ಏನಾದರೂ ಇದ್ದರೆ ಕೈ ಹಚ್ಚಬೇಡಿ. ಹಳೇ ಗುಂಡು ಸತ್ತಿರುತ್ತದೆ ಅಂದುಕೊಳ್ಳಬಾರದು. ಪೊಲೀಸ್ ಠಾಣೆಗೆ ಹೇಳಿ.

---

ಬೇಲೂರು_ಮೇಷ್ಟ್ರು

ನಾನು ಸ್ಕೂಲ್ ಮೇಷ್ಟ್ರು. ಮ್ಯೂಸಿಯಂ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಮ್ಯೂಸಿಯಂಗೆ ಕೊಟ್ಟರೆ ಗೋಡೌನ್ ಸೇರುತ್ತದೆ, ಯಾರೂ ನೋಡುವುದಿಲ್ಲ. ನಮ್ಮ ಊರಿನಿಂದ ಒಬ್ಬ ಮನುಷ್ಯ ಸಿಂಗಾಪುರದವರೆಗೆ ಹೋಗಿ, ಸೆರೆಯಲ್ಲಿದ್ದು, ಬದುಕಿ ಬಂದ ಅನ್ನೋದು ಮಕ್ಕಳಿಗೆ ಕಣ್ಣಾರೆ ಕಾಣಬೇಕು. ಸಕಲೇಶಪುರದ ಮಂಜರಾಬಾದ್ ಕೋಟೆಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ, ಟಿಪ್ಪು ಕಟ್ಟಿಸಿದ ನಕ್ಷತ್ರದ ಆಕಾರದ ಕೋಟೆ, 1792ರಲ್ಲಿ ಮುಗಿದದ್ದು. ಅಲ್ಲಿ ಪ್ರತಿ ಸಲ ಯಾರಾದರೂ ಒಂದು ಮಗು ಕೇಳುತ್ತದೆ, "ಸಾರ್, ಸಿಪಾಯಿಗಳು ಯಾವ ಡ್ರೆಸ್ ಹಾಕುತ್ತಿದ್ದರು" ಅಂತ. ಹುಲಿ ಪಟ್ಟೆಯ ಅಂಗಿ ಅಂತ ಹೇಳುತ್ತೇನೆ, ತೋರಿಸಲು ಏನೂ ಇಲ್ಲ. ಟಿಪ್ಪುವಿನ ಎಷ್ಟೋ ವಸ್ತುಗಳು ಈಗ ಇಂಗ್ಲೆಂಡಿನ ಮ್ಯೂಸಿಯಂಗಳಲ್ಲಿವೆ. ಆದ್ದರಿಂದ ಇದ್ದದ್ದನ್ನಾದರೂ ಊರಲ್ಲೇ ಇಟ್ಟುಕೊಳ್ಳಿ, ಶಾಲೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಇಡಿ ಅಂತ ನಾನು ಹೇಳುವುದು.

---

ನೂಲು_ನೇಯ್ಗೆ

ಮೇಷ್ಟ್ರೇ, ನಿಮ್ಮ ಮಾತಿನ ಹಿಂದಿನ ಕಾಳಜಿ ನನಗೂ ಇದೆ. ಆದರೆ ಶಾಲೆಯ ಗಾಜಿನ ಪೆಟ್ಟಿಗೆಗೆ ನಾನು ಒಪ್ಪುವುದಿಲ್ಲ. ಮ್ಯೂಸಿಯಂಗಳಲ್ಲಿ ಹಳೇ ಬಟ್ಟೆಗೆ 50 ಲಕ್ಸ್‌ಗಿಂತ (ಬೆಳಕು ಅಳೆಯುವ ಲೆಕ್ಕ) ಜಾಸ್ತಿ ಬೆಳಕು ಬಿಡುವುದಿಲ್ಲ, ಅದೂ ಕೆಲವು ತಿಂಗಳು ಮಾತ್ರ, ಆಮೇಲೆ ಕತ್ತಲಲ್ಲಿ ವಿಶ್ರಾಂತಿ. ನೀವು ಹೇಳುವ ಗೋಡೌನ್ ಅದೇ. ಕಿಟಕಿ ಪಕ್ಕದ ಬೆಳಕು ಅದರ ಎಷ್ಟೋ ಪಟ್ಟು ಜಾಸ್ತಿ. ಆ ಹಸಿರು ರಿಬ್ಬನ್ ಇವತ್ತು ಸಿಂಗಾಪುರ ಅಂತ ಹೇಳಿತಲ್ಲ, ಬಣ್ಣ ಪೂರ್ತಿ ಹೋಗಿದ್ದರೆ ಹೇಳುತ್ತಿತ್ತಾ? ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿ ಮಲೆನಾಡಿನ ಮಳೆಗಾಲ ಕಳೆದರೆ ಬೂಷ್ಟಿನ ತೋಟವೇ ಬೆಳೆಯುತ್ತದೆ. ಗಾಳಿಯ ತೇವ ನೂರಕ್ಕೆ 65 ದಾಟಿದರೆ ಸಾಕು ಅದಕ್ಕೆ.

ಶಾಲೆಗೆ ಬೇರೆ ದಾರಿ ಇದೆ. ದೊಡ್ಡದಾಗಿ ಒಳ್ಳೆಯ ಫೋಟೋಗಳನ್ನು ಪ್ರಿಂಟ್ ಹಾಕಿಸಿ, ಅಸಲಿಯ ಅಳತೆ ತೆಗೆದು ನಮ್ಮೂರ ಟೈಲರ್ ಕೈಯಲ್ಲೇ ಅಂಥದ್ದೇ ಒಂದು ಕೋಟು ಹೊಲಿಸಿ. ಅದನ್ನು ಮಕ್ಕಳು ಮುಟ್ಟಲಿ, ಹಾಕಿಕೊಳ್ಳಲಿ, ಗುಂಡಿ ಕಿತ್ತುಹೋದರೆ ಮತ್ತೆ ಹೊಲಿಯಬಹುದು. ಅಸಲಿ ಕೋಟು ವರ್ಷಕ್ಕೊಂದು ದಿನ ಹೊರಗೆ ಬಂದರೆ ಸಾಕು.

ಮ್ಯೂಸಿಯಂಗೆ ಕೊಡುವುದಾದರೆ ಯಾವ ಮ್ಯೂಸಿಯಂ ಅನ್ನೋದು ಮುಖ್ಯ. ಹಾಸನದ ಮಹಾರಾಜ ಪಾರ್ಕಿನ ಸರ್ಕಾರಿ ಮ್ಯೂಸಿಯಂ ಹೆಚ್ಚಾಗಿ ಶಿಲ್ಪ, ಶಾಸನಗಳ ಜಾಗ. ಕಲ್ಲನ್ನು ನೋಡಿಕೊಳ್ಳುವುದು ಬೇರೆ, ಉಣ್ಣೆಯನ್ನು ನೋಡಿಕೊಳ್ಳುವುದು ಬೇರೆ. ನಿಮಗೆ ಹತ್ತಿರದಲ್ಲಿ ಸೈನ್ಯಕ್ಕೆ ಅಂತಲೇ ಇರುವುದು ಮಡಿಕೇರಿಯ ಸನ್ನಿಸೈಡ್, ಜನರಲ್ ತಿಮ್ಮಯ್ಯ ಅವರ ಮನೆ, 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಬೆಂಗಳೂರಲ್ಲಿ ಮದ್ರಾಸ್ ಸ್ಯಾಪರ್ಸ್ ಮ್ಯೂಸಿಯಂ ಇದೆ, ಅಲ್ಲಿ ಹಳೇ ಸಮವಸ್ತ್ರಗಳನ್ನು ಇಟ್ಟಿರುವ ರೀತಿ ಒಮ್ಮೆ ನೋಡಿ ಬನ್ನಿ, ಆದರೆ ಅದು ಸ್ಯಾಪರ್‌ಗಳದ್ದು. ಸುಬೇದಾರ್ ಸಾಹೇಬರು ಹೇಳಿದ ವೆಲಿಂಗ್ಟನ್‌ಗೇ ಮೊದಲು ಕೇಳುವುದು ಸರಿ ಅಂತ ನನಗೂ ಅನಿಸುತ್ತದೆ.

ಯಾರಿಗೇ ಕೊಟ್ಟರೂ ಬಾಯಿ ಮಾತಲ್ಲಿ ಕೊಡಬೇಡಿ. ದಾನ ಅಂದ್ರೆ ದಾನಪತ್ರ, ಎರವಲು ಅಂದ್ರೆ ಎಷ್ಟು ವರ್ಷಕ್ಕೆ ಅಂತ ಬರೆದ ಕರಾರು. ಕೊಡುವ ದಿನದ ಸ್ಥಿತಿಯ ಫೋಟೋ ಎರಡೂ ಕಡೆ ಇರಬೇಕು. ವಸ್ತುವಿಗೆ ಅವರು ಕೊಡುವ ದಾಖಲೆ ನಂಬರನ್ನು ಬರೆಸಿಕೊಳ್ಳಿ, ನಾಳೆ ನಿಮ್ಮ ಮಕ್ಕಳು ಹೋಗಿ ಕೇಳಿದರೆ ಆ ನಂಬರಿನಿಂದಲೇ ಹುಡುಕಬೇಕು. ಯಾವಾಗಲೂ ಪ್ರದರ್ಶನದಲ್ಲಿ ಇಡಬೇಕು ಅಂತ ಷರತ್ತು ಹಾಕಬೇಡಿ, ಒಳ್ಳೆಯ ಮ್ಯೂಸಿಯಂ ಅದಕ್ಕೆ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

---

ಹಳೇಬಿಲ್ಲೆ_ಹಾಸನ

ಕಾನೂನಿನ ಮಾತು ಚಿಕ್ಕದಾಗಿ ಸೇರಿಸುತ್ತೇನೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ದು ಪುರಾತನ ವಸ್ತು, ದೇಶದ ಹೊರಗೆ ಕಳಿಸುವ ಹಾಗಿಲ್ಲ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ನಿಮ್ಮದು 1940ರ ದಶಕದ್ದು, ಈಗ ಅದಕ್ಕೆ ಸೇರುವುದಿಲ್ಲ. ಆದರೆ ಯಾರ ಮನೆಯಲ್ಲಾದರೂ ಹೈಫಾ ಕಾಲದ ಲ್ಯಾನ್ಸರ್ಸ್ ಸಾಮಾನು ಇದ್ದರೆ ಅದು ಆಗಲೇ ಸೇರಿದೆ, ಗಮನ ಇರಲಿ.

---

ಬಿಳಿಹೂ_ಮೂಡಿಗೆರೆ

ಹಾಸನದಲ್ಲಿರುವ ದೊಡ್ಡತ್ತೆಗೆ ಫೋನ್ ಮಾಡಿದ್ದೆ, ಅಜ್ಜನ ಹಿರಿಮಗಳು, ತೊಂಬತ್ತರ ಹತ್ತಿರ ಇದ್ದಾರೆ. ನೀವು ಹೇಳಿದ ಹಾಗೇ ಕೇಳಿದೆ. ಅವರು ಸಣ್ಣವರಿದ್ದಾಗ ವರ್ಷಗಟ್ಟಲೆ ಕಾಗದವೇ ಬರಲಿಲ್ಲವಂತೆ. ಅಜ್ಜಿ ಕುಂಕುಮ ಅಳಿಸಲು ಒಪ್ಪಲಿಲ್ಲ, ಊರವರು ಏನೇನೋ ಅಂದರು ಅಂತ ಹೇಳಿದರು. ಒಂದು ಸಂಜೆ ಕಡ್ಡಿ ಥರ ಆಗಿದ್ದ ಮನುಷ್ಯ ಬಂದು ಜಗಲಿ ಮೇಲೆ ಕೂತಾಗ ಅತ್ತೆಗೆ ಗುರುತೇ ಸಿಗಲಿಲ್ಲವಂತೆ, ಹೆದರಿ ಒಳಗೆ ಓಡಿದರಂತೆ. ಆಮೇಲೆ ಅಜ್ಜ ಮತ್ತೆ ಮೈಸೂರಿಗೆ ನೌಕರಿಗೆ ಹೋದರು, ಆ ಉಣ್ಣೆ ಕೋಟು ಹಾಕಿಕೊಂಡೇ ರಜೆಗೆ ಬರುತ್ತಿದ್ದರು ಅಂತಲೂ ಹೇಳಿದರು. ಜಪಾನಿನವರ ಹೆಸರು ಅಜ್ಜ ಮನೆಯಲ್ಲಿ ಎತ್ತುತ್ತಲೇ ಇರಲಿಲ್ಲವಂತೆ. ಅತ್ತೆ ಹೇಳಿದ್ದನ್ನೆಲ್ಲ ತಮ್ಮ ರೆಕಾರ್ಡ್ ಮಾಡಿಕೊಂಡಿದ್ದಾನೆ, ಮತ್ತೆ ಹೋಗಿ ಎದುರು ಕೂತು ನಿಧಾನವಾಗಿ ಕೇಳುತ್ತೇವೆ.

ಚಿಕ್ಕಪ್ಪ ಈ ಥ್ರೆಡ್ ಪೂರ್ತಿ ಓದಿದರು. ಫ್ರೇಮಿನ ಮಾತು ಬಿಟ್ಟಿದ್ದಾರೆ. ವೆಲಿಂಗ್ಟನ್‌ಗೆ ಪತ್ರ ಅವರೇ ಬರೆಯುತ್ತಾರಂತೆ. ಉತ್ತರ ಬರುವವರೆಗೆ ಸಾಮಾನು ಎಲ್ಲಿ, ಹೇಗೆ ಇಡಲಿ? ನಮ್ಮ ಮನೆಯಲ್ಲಿ ಮಳೆಗಾಲ ಕಳೆಯೋದು ಕಷ್ಟ.

---

ಸುಬೇದಾರ್_ನಿವೃತ್ತ_ಹಾಸನ

ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ಕಣಮ್ಮ. ದೊಡ್ಡತ್ತೆಯವರು ಅಡ್ಡಿ ಇಲ್ಲ ಅಂದರೆ ನಾನು ಒಂದು ಸಲ ಹೋಗಿ ಮಾತಾಡಿಸಿ ಬರುತ್ತೇನೆ. ಪಟಾಲಮ್ಮಿನ ಮಾತು ಬಂದರೆ ಇನ್ನಷ್ಟು ನೆನಪಾಗಬಹುದು.

---

ನೂಲು_ನೇಯ್ಗೆ

ಮಳೆಗಾಲಕ್ಕೆ ಸಾಮಾನನ್ನು ಹಾಸನದ ಅತ್ತೆ ಮನೆಗೆ ಕಳಿಸಿ. ಕಡೂರು, ಅರಸೀಕೆರೆ ಕಡೆ ನೆಂಟರಿದ್ದರೆ ಇನ್ನೂ ಒಳ್ಳೆಯದು, ಗಾಳಿ ಒಣಗಿರುತ್ತದೆ. ಹೊರಗೋಡೆಗೆ ತಾಗದ ಬೀರು, ನೆಲದಿಂದ ಮೇಲಿನ ಅರೆ.

ಟ್ರಂಕಿನ ಒಳಗೆ ವಾಪಸ್ ಹಾಕಬೇಡಿ, ಕಬ್ಬಿಣ ತಣ್ಣಗಾದಾಗ ಒಳಗೆ ನೀರು ಕೂರುತ್ತದೆ. ಟ್ರಂಕು ಬೇರೆ ಇರಲಿ. ದೊಡ್ಡ ರಟ್ಟಿನ ಪೆಟ್ಟಿಗೆ ತಂದು ಒಳಗೆ ಕೋರಾ ಬಟ್ಟೆ ಹಾಸಿ. ಆ ಬಟ್ಟೆಯನ್ನು ಮೊದಲು ಬಿಸಿನೀರಲ್ಲಿ ಒಗೆದು ಗಂಜಿ ಪೂರ್ತಿ ತೆಗೆದಿರಬೇಕು, ನೀಲಿ ಹಾಕಬಾರದು. ನ್ಯೂಸ್ ಪೇಪರ್ ಹಾಕಬೇಡಿ, ಅದರ ಹುಳಿ ಬಟ್ಟೆಗೆ ಇಳಿಯುತ್ತದೆ. ಕೋಟನ್ನು ಮಲಗಿಸಿ, ತೋಳಿನ ಒಳಗೆ ಮತ್ತು ಮಡಿಕೆ ಬೀಳುವ ಕಡೆ ಅದೇ ಬಟ್ಟೆಯ ಸುರುಳಿ ಇಡಿ, ಮಡಿಕೆ ಚೂಪಾದರೆ ಅಲ್ಲೇ ನೂಲು ಮುರಿಯುತ್ತದೆ. ಕಾಲಿನ ಪಟ್ಟಿಗಳನ್ನು ಸಡಿಲವಾಗಿ ಸುರುಳಿ ಸುತ್ತಿ. ಚರ್ಮದ ಬೆಲ್ಟು, ಬಿಲ್ಲೆ, ಅಕ್ಷರದ ಪಟ್ಟಿ ಇವು ಬೇರೆ ಬೇರೆ ಪೊಟ್ಟಣ, ಕೋಟಿನ ಜೊತೆ ಬೇಡ.

ಒಂದು ಸಣ್ಣ ತೇವ ಅಳೆಯುವ ಮೀಟರ್ ಇಡಿ, ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. 55ರ ಆಸುಪಾಸು ಇದ್ದರೆ ನೆಮ್ಮದಿ. ತಿಂಗಳಿಗೊಮ್ಮೆ ತೆರೆದು ನೋಡಿ.

---

ಬಿಳಿಹೂ_ಮೂಡಿಗೆರೆ

ಸುಬೇದಾರ್ ಸಾಹೇಬರೇ, ಅತ್ತೆ ಧಾರಾಳವಾಗಿ ಬರಲಿ ಅಂದಿದ್ದಾರೆ, ವಿಳಾಸ ಮೆಸೇಜಿನಲ್ಲಿ ಕಳಿಸುತ್ತೇನೆ. ಕೊನೆಗೆ ಒಂದು ಪ್ರಶ್ನೆ, ನೀರಿನ ಬಾಟಲಿಯ ಉಣ್ಣೆ ಹೊದಿಕೆ ಬಿಚ್ಚಿ ತೆಗೆಯಬಹುದಾ? ಒಳಗೆ ನೀಲಿ ಬಣ್ಣದ ತಗಡು ಕಾಣುತ್ತಿದೆ, ಅಲ್ಲಲ್ಲಿ ತುಕ್ಕು.

---

ನೂಲು_ನೇಯ್ಗೆ

ಬಿಚ್ಚಬೇಡಿ. ಆ ನೀಲಿ ಎನಾಮಲ್ ಲೇಪ, ಆ ಕಾಲದ ಬಾಟಲಿಗಳು ಹಾಗೇ ಇದ್ದವು. ಹೊದಿಕೆಯನ್ನು ಬಾಟಲಿ ಮೇಲೇ ಬಿಗಿಯಾಗಿ ಹೊಲಿದಿರುತ್ತಾರೆ, ಬಿಚ್ಚಿದರೆ ಹಳೇ ದಾರ ಹೋಗುತ್ತದೆ. ಬಿರಡೆ ತೆಗೆದು ಬಾಯಿ ತೆರೆದಿಟ್ಟು ಒಳಗೆ ಒಣಗಲು ಬಿಡಿ, ಬಿರಡೆಯನ್ನು ಅದರ ದಾರದಲ್ಲೇ ನೇತಾಡಲು ಬಿಡಿ. ಹೊದಿಕೆಯಲ್ಲಿ ಹುಳು ಕಂಡರೆ ಒಂದು ಫೋಟೋ ಹಾಕಿ, ಆಗ ನೋಡಿ ಹೇಳುತ್ತೇನೆ.